ಮಗುವಿನ ಪಕ್ಕದ ಕುರ್ಚಿ

ಅಪ್ಪ ತೀರಿಕೊಂಡು ಅಡಿಕೆ ತೋಟ ಉಳಿದಿದ್ದರೆ ಆ ಮಗುವಿಗೆ ಪೋಷಕರಾಗಲು ನೆಂಟರ ಕೊರತೆಯಾಗುವುದಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಕಾನೂನುಗಳಿಗೂ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಇಂಥ ಮಗುವೇ. ಬ್ರಿಟಿಷ್ ಭಾರತದ 1890ರ ಕಾಯ್ದೆ, ಮಗುವಿಗೂ ಅದರ ಆಸ್ತಿಗೂ ಪೋಷಕರನ್ನು ನೇಮಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಅಪ್ರಾಪ್ತರ ಪರವಾಗಿ ದಾವೆ ನಡೆಸಲು ದೊಡ್ಡವರೊಬ್ಬರು ಬೇಕು. ದಾವೆ ಹೂಡಲು ಆಸ್ತಿಯೇ ಇಲ್ಲದ ಮಗು, ಕಾಫಿ ತೋಟದ ಲೈನು ಮನೆಯ ಮಗು, ಈ ಬಾಗಿಲವರೆಗೂ ಬರುತ್ತಿರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿದ್ದವು. 1894ರಲ್ಲಿ ಮೈಸೂರು ಸರ್ಕಾರ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. ಮನೆಯೊಳಗಿನ ಮಗುವಿನ ಪರವಾಗಿ ಸರ್ಕಾರ ಮಾತಾಡಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹುಡುಗಿಯ ಪಕ್ಕದಲ್ಲಿ ನಿಲ್ಲುವವರು ಯಾರೆಂಬ ಪ್ರಶ್ನೆ ಹಾಗೇ ಉಳಿಯಿತು.

1977ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಎಂಬ ನ್ಯಾಯಾಧೀಶರಿಗೆ ಇದೇ ಪ್ರಶ್ನೆ ಎದುರಾಯಿತು. ಸಾಲದ ಮಾಹಿತಿಯ ಮೇಲೆ ಮಕ್ಕಳ ಬದುಕನ್ನು ತೀರ್ಮಾನಿಸಬೇಕಿತ್ತು. ಅವರು ಊರಿನ ಸಾಮಾನ್ಯ ಜನರಿಗೆ ತರಬೇತಿ ಕೊಡಿಸಿ, ಮಗುವಿನ ಸ್ಥಿತಿ ತಿಳಿದು ವರದಿ ಮಾಡುವ ಸ್ವಯಂಸೇವಕರನ್ನಾಗಿ ನೇಮಿಸಿದರು.

ನಮ್ಮಲ್ಲಿ ಅದಕ್ಕೆ ಹತ್ತಿರದವರು ಪೋಕ್ಸೊ ಕಾಯ್ದೆಯ ‘ಬೆಂಬಲ ವ್ಯಕ್ತಿ’. ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಮಕ್ಕಳ ಕಲ್ಯಾಣ ಸಮಿತಿ ಇವರನ್ನು ಮಗುವಿನ ಜೊತೆಗೆ ನೇಮಿಸುತ್ತದೆ. ಇವರು ವಾದಿಸುವುದಿಲ್ಲ, ಅದು ವಕೀಲರ ಕೆಲಸ. ತನಿಖೆಯಿಂದ ವಿಚಾರಣೆಯವರೆಗೆ ಜೊತೆಗಿರುತ್ತಾರೆ, ಮುಂದೇನಾಗುತ್ತದೆ ಎಂದು ಮಗುವಿಗೆ ತಿಳಿಯುವ ಮಾತಲ್ಲಿ ಹೇಳುತ್ತಾರೆ. ಶೃಂಗೇರಿಯ ಮಗುವಿಗೆ ಇದರ ಬೆಲೆ ದೊಡ್ಡದು. ವಿಶೇಷ ನ್ಯಾಯಾಲಯದ ವ್ಯವಸ್ಥೆ ಜಿಲ್ಲಾ ಮಟ್ಟದ್ದು. ಆಷಾಢದ ಮಳೆಯಲ್ಲಿ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಹೋದ ಮೇಲೆ ‘ಇವತ್ತು ಆಗಲ್ಲ, ಮುಂದಿನ ತಿಂಗಳು ಬನ್ನಿ’ ಎಂದರೆ ಒಂದು ದಿನದ ಕೂಲಿ ಹೋಯಿತು, ಶಾಲೆಯೂ ತಪ್ಪಿತು. ಆರೋಪಿ ಮನೆಯವನೇ ಆಗಿದ್ದರೆ ಜೊತೆಗೆ ಬರುವವರಾದರೂ ಯಾರು?

ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಹೆತ್ತವರ ಇಷ್ಟಕ್ಕೆ ಬಿಡಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. 2020ರ ನಿಯಮಗಳು ಇವರಿಗೆ ನುರಿತ ಕೆಲಸಗಾರರ ಕನಿಷ್ಠ ಕೂಲಿಗೆ ಕಡಿಮೆಯಾಗದ ಸಂಭಾವನೆ ಕೊಡಬೇಕೆನ್ನುತ್ತವೆ. ಅದು ಸರಿಯೇ. ಪುಕ್ಕಟೆ ಸೇವೆಯನ್ನು ಹೊಗಳುವವರು ಬಸ್ ಚಾರ್ಜಿನ ಲೆಕ್ಕ ಕೇಳುವುದಿಲ್ಲ.

ಇಷ್ಟೆಲ್ಲ ಇರುವುದು ಪೋಕ್ಸೊ ಪ್ರಕರಣದ ಮಗುವಿಗೆ. ಯಾರೂ ಇಲ್ಲದೆ ಅದೇ ಸಮಿತಿಯ ಮುಂದೆ ಬಂದು ನಿಂತ ಇನ್ನೊಂದು ಮಗುವಿನ ಪಕ್ಕದ ಕುರ್ಚಿ ಬಹುಪಾಲು ಖಾಲಿಯೇ.