ಆಯಿಯ ಉಪ್ಪಿನ ಹರಳು

ನಮ್ಮ ಆಯಿಯ ತವರು ಕಲಘಟಗಿಯ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ನವಲಗುಂದದ ಎರೆ ಸೀಮೆಗೆ. ಅವಳ ಟ್ರಂಕಿನಲ್ಲಿ ಹಿತ್ತಾಳೆಯದೊಂದು ಡಬ್ಬಿ ಇತ್ತು. ಬುಗುಡಿಯಿಂದ ಉದುರಿದ ಕೆಂಪು ಹರಳು, ಮೂಗುಬೊಟ್ಟಿನ ಬಿಳಿ ಹರಳು, ಹರಿದ ಸರದ ನಾಲ್ಕು ಸ್ಫಟಿಕದ ಮಣಿ. ಒಂದೊಂದಕ್ಕೂ ಒಂದೊಂದು ಕಥೆ. ಇವುಗಳ ನಡುವೆ ಅರಿವೆಯ ಗಂಟಿನಲ್ಲಿ, ಮಾಸಿದ ಬಿಳುಪಿನ, ಚೌಕಾಕಾರದ ಐದಾರು ಹರಳುಗಳಿದ್ದವು.

ಸಣ್ಣವಳಿದ್ದಾಗ ಕಲ್ಲುಸಕ್ಕರೆಯೆಂದು ತಿಳಿದು ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡೆ. ಬರೀ ಉಪ್ಪು! ಆಯಿ ಬಯ್ಯಲಿಲ್ಲ.

“ಎಲ್ಲಾ ಉಪ್ಪಿನ ರುಚಿ ಒಂದ ಐತಿ ತಂಗಿ, ಬೆಲಿ ಬ್ಯಾರೆ” ಅಂದಳು.

ಅವು 1930ರಲ್ಲಿ ಅವಳ ಅಣ್ಣ ಅಂಕೋಲೆಯಿಂದ ತಂದ ಹರಳುಗಳು. ಆ ವರ್ಷ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಅವರೊಡನೆ ನಡೆದ ಮೈಲಾರ ಮಹಾದೇವಪ್ಪನವರ ಊರು ಮೋಟೆಬೆನ್ನೂರು ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಒಂದು ವಾರ ಕಳೆದು, 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಕನ್ನಡಿಗರೂ ಉಪ್ಪು ಮಾಡಿದರು. ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗುವ ದಾರಿ ಕಲಘಟಗಿ, ಯಲ್ಲಾಪುರದ ಮೇಲೆಯೇ. ಆ ದಾರಿ ಹಿಡಿದು ಹೋದವರಲ್ಲಿ ಆಯಿಯ ಅಣ್ಣನೂ ಒಬ್ಬ. ದಂಡೆಯ ಗುಂಡಿಯಲ್ಲಿ ಬಿಸಿಲಿಗೆ ತಾನಾಗಿ ಹರಳುಗಟ್ಟಿದ ಉಪ್ಪನ್ನು ಒಂದು ಹಿಡಿ ಎತ್ತಿಕೊಂಡರೂ ಆಗ ಅಪರಾಧ. ಅವನು ಧೋತರದ ಚುಂಗಿಗೆ ಕಟ್ಟಿ ತಂದು ಹನ್ನೆರಡು ವರ್ಷದ ತಂಗಿಯ ಕೈಗೆ ಕೊಟ್ಟ. “ಸಾರಿಗೆ ಹಾಕಬ್ಯಾಡ, ಇಟ್ಟುಕೋ” ಅಂದನಂತೆ.

ಉಪ್ಪನ್ನು ಕಾಪಾಡುವುದು ಬಂಗಾರ ಕಾಪಾಡಿದಷ್ಟು ಸುಲಭವಲ್ಲ. ಕಡಲುಪ್ಪು ಮಳೆಗಾಲದ ಗಾಳಿಯ ತೇವ ಹೀರಿ ನೀರಾಗುತ್ತದೆ. ಶ್ರಾವಣದಲ್ಲಿ ಆಯಿ ಗಂಟನ್ನು ಒಲೆಯ ಮೇಲಿನ ಮಾಡದಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದಳು. ಆಮೇಲೆ ಒಣಜೋಳದ ಗಡಿಗೆಯೊಳಗೆ ಹುಗಿಯುತ್ತಿದ್ದಳು. 1947ರಲ್ಲಿ ಉಪ್ಪಿನ ಕರ ಹೋಯಿತು, ಸ್ವಾತಂತ್ರ್ಯವೂ ಬಂತು. ಆಯಿಯ ಈ ಕೆಲಸ ಮಾತ್ರ ನಿಲ್ಲಲಿಲ್ಲ.

ಅವಳು ತೀರಿಕೊಂಡ ಮೇಲೆ ಡಬ್ಬಿ ಬಿಚ್ಚಿ ಹಂಚಿಕೊಂಡೆವು. ಕೆಂಪು ಹರಳಿಗೆ ಸಣ್ಣ ಜಗಳವೇ ಆಯಿತು. ಅರಿವೆಯ ಗಂಟನ್ನು ಯಾರೂ ಕೇಳಲಿಲ್ಲ, ನಾನು ತಂದೆ. ಕಡಲಿಗೆ ಹೋದವರ ಹೆಸರು ಪುಸ್ತಕದಲ್ಲಿ ಸಿಗುತ್ತವೆ. ಅವರು ತಂದದ್ದನ್ನು ಮಳೆಗಾಲದಿಂದ ಮಳೆಗಾಲಕ್ಕೆ ಒಣಗಿಸಿಟ್ಟವರ ಹೆಸರನ್ನು ಯಾರು ಬರೆದಿಟ್ಟಾರು?

ನನ್ನ ಕೈಯಲ್ಲಿ ಆಯಿಯಷ್ಟು ಜೋಪಾನವಿಲ್ಲ. ಈಗ ಉಳಿದದ್ದು ಎರಡೇ ಹರಳು. ಒಂದನ್ನು ಮೊಮ್ಮಗಳ ನಾಲಗೆಗೆ ಮುಟ್ಟಿಸಿ ಈ ಕಥೆ ಹೇಳಬೇಕೆಂದಿದ್ದೇನೆ.