ಹರ್ಷನಿಗೆ ಆಳಾಗದ ನಾಡು

ನಾಸಿಕದಲ್ಲಿಯೋ ಛತ್ರಪತಿ ಸಂಭಾಜಿನಗರದಲ್ಲಿಯೋ ನೆಲೆಸಿರುವ ಕನ್ನಡಿಗರು ಇಮ್ಮಡಿ ಪುಲಕೇಶಿಯನ್ನು ಬಾದಾಮಿಯಲ್ಲೇ ಬಿಟ್ಟುಬಂದೆವೆಂದು ಭಾವಿಸುವುದುಂಟು. ಆದರೆ ಅವನನ್ನು ಕುರಿತ ಪ್ರಸಿದ್ಧ ಚೀನೀ ಬರಹ ಈ ಸೀಮೆಗೇ ಸಂಬಂಧಿಸಿದ್ದು. ಸುಮಾರು 641ರಲ್ಲಿ ಮಹಾರಾಷ್ಟ್ರಕ್ಕೆ ಬಂದ ಹ್ಯುಯೆನ್ ತ್ಸಾಂಗ್ ರಾಜಧಾನಿಯ ಹೆಸರು ಹೇಳದೆ, ಅದರ ಪಶ್ಚಿಮಕ್ಕೆ ದೊಡ್ಡ ನದಿಯಿದೆಯೆಂದಷ್ಟೇ ತಿಳಿಸಿದ. ಬಾದಾಮಿಗೆ ಈ ವರ್ಣನೆ ಹೊಂದದು. ಫ್ಲೀಟ್ ಅದನ್ನು ನಾಸಿಕವೆಂದರು. ಸೇಂಟ್ ಮಾರ್ಟಿನ್ ದೇವಗಿರಿಯೆಂದು ಊಹಿಸಿದ್ದರು, ಅಲ್ಲಿ ದೊಡ್ಡ ನದಿಯೇ ಇಲ್ಲ! ನಾಡಿನ ಪೂರ್ವದ ಗಡಿಯ ಬೆಟ್ಟದಲ್ಲಿ ಅವನು ವರ್ಣಿಸಿದ, ಬಾಗಿಲಿನ ಆಚೀಚೆ ಕಲ್ಲಾನೆಗಳಿದ್ದ ವಿಹಾರ ಅಜಂತೆಯೆಂದೇ ವಿದ್ವಾಂಸರು ಬಗೆದಿದ್ದಾರೆ.

ಚೀನೀ ಭಾಷೆಯಿಂದ ರಾಜಕೀಯ ಬರಹವನ್ನು ಅನುವಾದಿಸಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕಲಿಸುವುದಾದರೆ, ಈ ಭಾಗದಿಂದಲೇ ಆರಂಭಿಸಬೇಕೆಂದು ನಮಗೆ ತೋರುತ್ತದೆ. ಇದು ಬರಿಯ ಯಾತ್ರಿಕನ ಟಿಪ್ಪಣಿಯಲ್ಲ. ತಾಂಗ್ ಚಕ್ರವರ್ತಿ ತಾಯ್‌ಝಾಂಗ್‌ನ ಅಪೇಕ್ಷೆಯಂತೆ 646ರಲ್ಲಿ ಸಿದ್ಧವಾದ ಗ್ರಂಥ. ನಮ್ಮ ಕೈಗೆ ಅದು ಹೆಚ್ಚಾಗಿ ದೊರೆಯುವುದು ಜೂಲಿಯೆನ್‌ನ ಫ್ರೆಂಚ್ (1857–58) ಅಥವಾ ಬೀಲ್‌ನ ಇಂಗ್ಲಿಷ್ (1884) ಅನುವಾದದ ಮೂಲಕ.

ಮೊದಲ ತೊಡಕು ಹೆಸರುಗಳದು. ಹರ್ಷನ ‘ಶೀಲಾದಿತ್ಯ’ ಎಂಬ ಬಿರುದು ಅರ್ಥದಿಂದ ಅನುವಾದಗೊಂಡಿದೆ: ಒಂದು ಅಕ್ಷರ ಶೀಲ, ಇನ್ನೊಂದು ಸೂರ್ಯ. ಪುಲಕೇಶಿಯ ಹೆಸರಾದರೋ ಧ್ವನಿಯಿಂದ ಬಂದದ್ದು. ಇಂದಿನ ಉಚ್ಚಾರಣೆಯಲ್ಲಿ ಅದು ‘ಬು-ಲುವೊ-ಜಿ-ಷ’; ಆ ‘ಜಿ’ ಹಿಂದೆ ‘ಕೆ’ ಎಂಬಂತಿತ್ತೆಂದು ತಿಳಿಯದ ವಿದ್ಯಾರ್ಥಿಗೆ ಅರಸನ ಗುರುತೇ ಸಿಗದು.

ನಿಜವಾದ ಕಷ್ಟವಿರುವುದು ‘ಚೆನ್’ ಎಂಬ ಅಕ್ಷರದಲ್ಲಿ. ಚಕ್ರವರ್ತಿಯ ಮುಂದೆ ಮಂತ್ರಿಗಳು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಮಾತದು. ಪುಲಕೇಶಿಯ ಅಧೀನರು ಅವನನ್ನು ನಿಷ್ಠೆಯಿಂದ ಸೇವಿಸುತ್ತಾರೆಂದು ಹೇಳುವಲ್ಲಿ ಈ ಅಕ್ಷರ ಬರುತ್ತದೆ. ಮರುವಾಕ್ಯದಲ್ಲಿಯೇ, ಹರ್ಷನಿಗೆ ಈ ನಾಡಿನವರು ಮಾತ್ರ ಮಣಿದಿಲ್ಲವೆನ್ನುವಲ್ಲಿ ಮತ್ತೆ ಬರುತ್ತದೆ. ಮೊದಲು ‘ಮಂತ್ರಿ’, ಆಮೇಲೆ ‘ಶರಣಾಗತಿ’ ಎಂದು ಬೇರೆ ಬೇರೆ ಮಾಡಿದರೆ ಕೊಂಡಿ ಕಳಚುತ್ತದೆ. ಕನ್ನಡದ ‘ಆಳು’ ಎರಡೂ ಕಡೆ ನಿಲ್ಲಬಲ್ಲುದು: ಪುಲಕೇಶಿಯ ಆಳುಗಳು ನಿಷ್ಠರು, ಆದರೆ ಈ ನಾಡಿನವರು ಹರ್ಷನಿಗೆ ಆಳಾಗಿಲ್ಲ. ಮಣಿಯದವರು ‘ನಾಡಿನವರು’ ಎಂದಿದೆಯೇ ಹೊರತು ಅರಸನೆಂದಿಲ್ಲ ಎಂಬುದನ್ನೂ ಮರೆಯಬಾರದು.

ಹರ್ಷ ಸೋತನೆಂದೂ ಅಲ್ಲಿಲ್ಲ. ಅವನೇ ಸೈನ್ಯ ನಡೆಸಿಕೊಂಡು ಬಂದರೂ ಗೆಲ್ಲಲಾಗಿಲ್ಲ ಎಂದಿದೆ. ಅವನ ಹರ್ಷ ಅಳಿಯಿತೆಂದು ಹಾಡಿದವನು 634–35ರ ಐಹೊಳೆ ಶಾಸನದ ರವಿಕೀರ್ತಿ, ಪುಲಕೇಶಿಯದೇ ಆಸ್ಥಾನದ ಕವಿ. ಕನ್ನಡದ ಅಭಿಮಾನದಿಂದ ಆ ಮಾತನ್ನು ಚೀನೀ ವಾಕ್ಯದೊಳಕ್ಕೆ ತುರುಕುವುದು ಸುಲಭ. ನಾವೂ ಹಾಗೆ ಓದಿದವರೇ.

ಕೊನೆಗೆ ಕಾಲದ ಪ್ರಶ್ನೆ. ವಾಕ್ಯ ‘ಈಗ’ ಎಂದು ತೊಡಗುತ್ತದೆ, ಆದರೆ ಚೀನೀ ಕ್ರಿಯಾಪದಕ್ಕೆ ಕಾಲಸೂಚಕ ಪ್ರತ್ಯಯವಿಲ್ಲ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಗ್ರಂಥ ಮುಗಿಯುವ ವೇಳೆಗೆ ಪುಲಕೇಶಿಯ ಆಳ್ವಿಕೆ ಮುಗಿದು ನಾಲ್ಕು ವರ್ಷವಾಗಿತ್ತು. ‘ಆಳಾಗಿಲ್ಲ’ ಎನ್ನಬೇಕೋ ‘ಆಳಾಗಲಿಲ್ಲ’ ಎನ್ನಬೇಕೋ, ವಿದ್ಯಾರ್ಥಿಯೇ ನಿರ್ಧರಿಸಬೇಕು.