ಏನನ್ನೂ ತಿರುಗಿಸದ ಚಕ್ರ

ಹೋದ ಯುಗಾದಿಗೆ ಊರಿಗೆ ಹೋದಾಗ ನನ್ನ ಬ್ಯಾಗಲ್ಲಿ ಒಂದು ಕೀಬೋರ್ಡ್ ಇತ್ತು. ನಾನೇ ಮಾಡಿದ್ದು. ಎಸ್.ಪಿ. ರೋಡಲ್ಲಿ ಸಿಕ್ಕ ಹಳೇ ಮೆಕ್ಯಾನಿಕಲ್ ಕೀಬೋರ್ಡು, ಅದರ ಸುತ್ತ ಹಿತ್ತಾಳೆ ತಗಡಿನ ಚೌಕಟ್ಟು, ಟೈಪ್‌ರೈಟರಿನಂಥ ದುಂಡು ಕೀಗಳು, ಬಲಮೂಲೆಯಲ್ಲಿ ಕೆಟ್ಟ ಗೋಡೆ ಗಡಿಯಾರದಿಂದ ಕಿತ್ತ ಮೂರು ಹಲ್ಲುಚಕ್ರ. ನಾಲ್ಕು ತಿಂಗಳ ಶನಿವಾರ, ಭಾನುವಾರ ಅದಕ್ಕೇ ಹೋಗಿದ್ದವು. ಆಫೀಸಿನವರೆಲ್ಲ ಫೋಟೋ ತೆಗೆದುಕೊಂಡಿದ್ದರು. ಊರಲ್ಲೂ ಸ್ವಲ್ಪ ಹೊಗಳಿಸಿಕೊಳ್ಳೋಣ ಅಂತ ಆಸೆ.

ದೊಡ್ಡಪ್ಪ ಜಗಲಿ ಮೇಲೆ ಕೂತು ಅದನ್ನ ಹಿಂದೆ ಮುಂದೆ ಮಾಡಿ ನೋಡಿದರು.

"ಈ ಚಕ್ರ ಏನ್ ತಿರುಗುಸ್ತದ್ಲಾ?"

"ಏನೂ ಇಲ್ಲ ದೊಡ್ಡಪ್ಪ, ಚೆಂದಕ್ಕೆ ಹಾಕಿರದು."

"ಹಂಗಾರೆ ಬೆರಳು ಇಟ್ರೂ ಏನಾಗಲ್ಲ ಬುಡು."

ತಮಾಷೆಗೇ ಹೇಳಿದ್ದು. ಆದರೆ ದೊಡ್ಡಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಹೋದವು, ನಾನು ಹುಟ್ಟೋಕೆ ಮುಂಚೆ. ಕೀಬೋರ್ಡನ್ನ ಬ್ಯಾಗಿಗೆ ಸೇರಿಸಿದೆ. ಬೆಂಗಳೂರಿಗೆ ವಾಪಸ್ ಬರೋ ಬಸ್ಸಲ್ಲಿ ತಲೆ ತುಂಬ ಅದೇ ಮಾತು.

ನಾನು ಮಾಡಿದ ಈ ಆಟಕ್ಕೆ ಸ್ಟೀಮ್‌ಪಂಕ್ ಅಂತ ಹೆಸರು. 1987ರಲ್ಲಿ ಅಮೆರಿಕದ ಲೇಖಕ ಕೆ.ಡಬ್ಲ್ಯೂ. ಜೀಟರ್ 'ಲೋಕಸ್' ಪತ್ರಿಕೆಗೆ ಬರೆದ ಕಾಗದದಲ್ಲಿ, ತಾನೂ ತನ್ನ ಗೆಳೆಯರೂ ಬರೀತಿದ್ದ ವಿಕ್ಟೋರಿಯಾ ರಾಣಿ ಕಾಲದ ವಿಚಿತ್ರ ಕಥೆಗಳಿಗೆ ಅರ್ಧ ತಮಾಷೆಗೆ ಇಟ್ಟ ಹೆಸರು. ಆಗ ಸೈಬರ್‌ಪಂಕ್ ಅನ್ನೋದು ಜೋರಾಗಿತ್ತು, ಅದಕ್ಕೆ ಪ್ರಾಸ. 1990ರಲ್ಲಿ ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಸೇರಿ 'ದಿ ಡಿಫರೆನ್ಸ್ ಎಂಜಿನ್' ಕಾದಂಬರಿ ಬರೆದರು. ಚಾರ್ಲ್ಸ್ ಬ್ಯಾಬೇಜನ ಯಂತ್ರ ನಿಜಕ್ಕೂ ಗೆದ್ದಿದ್ದರೆ, ಕಂಪ್ಯೂಟರ್ ಯುಗ ನೂರು ವರ್ಷ ಮೊದಲೇ ಬಂದಿದ್ದರೆ ಅನ್ನೋದು ಅದರ ಕಲ್ಪನೆ.

ಪುಸ್ತಕದಲ್ಲಿದ್ದದ್ದು ಮೇಜಿನ ಮೇಲೆ ಬಂದದ್ದು ಸುಮಾರು 2007ರಲ್ಲಿ. ಜೇಕ್ ವಾನ್ ಸ್ಲಾಟ್ ಅನ್ನೋ ಹೆಸರಿನಲ್ಲಿ ಬರೀತಿದ್ದ ಅಮೆರಿಕದವನೊಬ್ಬ ಐಬಿಎಂನ ಹಳೇ ಮಾಡೆಲ್ ಎಂ ಕೀಬೋರ್ಡಿಗೆ ಹಿತ್ತಾಳೆ ಚೌಕಟ್ಟು, ಹಳೇ ಟೈಪ್‌ರೈಟರಿನ ಕೀಗಳು ಹಾಕಿ, ಮಾಡಿದ್ದು ಹೇಗೆ ಅಂತ ಹಂತಹಂತವಾಗಿ ಎಲ್ಲರಿಗೂ ತೋರಿಸಿದ. ಡೇಟಾಮ್ಯಾನ್ಸರ್ ಎಂದೇ ಹೆಸರಾಗಿದ್ದ ರಿಚರ್ಡ್ ನಾಗಿ ಒಂದು ಲ್ಯಾಪ್‌ಟಾಪ್ ಮಾಡಿದ. ಮರದ ಪೆಟ್ಟಿಗೆ, ಉಗುರು ಚಾಚಿದ ಪಂಜದಂಥ ಕಾಲು, ಕೈಯೂರಲು ಚರ್ಮದ ಮೆತ್ತೆ, ಮುಚ್ಚಳದ ಮೇಲೆ ಗಾಜಿನಡಿ ಗಡಿಯಾರದ ಚಕ್ರಗಳು. ಆನ್ ಮಾಡಬೇಕಾದರೆ ಗಡಿಯಾರಕ್ಕೆ ಕೀಲಿ ಕೊಡೋ ಹಾಗೆ ತಿರುಗಿಸಬೇಕು. ಒಳಗಿದ್ದದ್ದು ಮಾತ್ರ ಮಾಮೂಲಿ ಎಚ್‌ಪಿ ಲ್ಯಾಪ್‌ಟಾಪು. 2009ರ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಸ್ಟೀಮ್‌ಪಂಕ್ ಕಲೆಯ ಪ್ರದರ್ಶನವೇ ಆಯ್ತು.

ಯಾಕೆ ಆಗಲೇ? ನನ್ನ ಊಹೆ ಇಷ್ಟು. ಐಫೋನ್ ಬಂದದ್ದೂ 2007ರಲ್ಲೇ. ಗಾಜಿನ ಹಲಗೆ, ಬ್ಯಾಟರಿ ಬದಲಿಸೋಕೂ ಬಿಚ್ಚೋ ಹಾಗಿಲ್ಲ. ಮುಂದೆ ಲ್ಯಾಪ್‌ಟಾಪುಗಳೂ ಅದೇ ದಾರಿ ಹಿಡಿದವು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರೋ ನನ್ನಂಥವನಿಗೇ ಅದರ ಒಳಗೆ ಕೈ ಹಾಕೋ ಅವಕಾಶ ಇಲ್ಲ. ಹಲ್ಲುಚಕ್ರ ಹಾಗಲ್ಲ. ಇದು ತಿರುಗಿದರೆ ಅದು ತಿರುಗುತ್ತೆ, ಮೂರು ವರ್ಷದ ಮಗುವಿಗೂ ತಿಳಿಯುತ್ತೆ. ಆ ಆಸೆಯನ್ನ ನಾನು ಈಗಲೂ ಬಿಟ್ಟುಕೊಡಲ್ಲ.

ಆದರೆ ಬೈಗುಳವೂ ಬೇಗನೇ ಶುರುವಾಯ್ತು. ವಿನ್ಯಾಸ ವಿಮರ್ಶಕ ರ‍್ಯಾಂಡಿ ನಾಕಮುರ 2008ರಲ್ಲೇ ಇದೆಲ್ಲ ಬರೀ ಬೂಟಾಟಿಕೆ, ವಿನ್ಯಾಸವೇ ಅಲ್ಲ ಅನ್ನೋ ಅರ್ಥದಲ್ಲಿ ಬರೆದ. ಕಂಡದ್ದಕ್ಕೆಲ್ಲ ಹಲ್ಲುಚಕ್ರ ಅಂಟಿಸಿ ಸ್ಟೀಮ್‌ಪಂಕ್ ಅನ್ನೋರನ್ನ ಆಡಿಕೊಳ್ಳೋ ಹಾಡೇ 2011ರಲ್ಲಿ ಬಂತು. 2010ರಲ್ಲಿ ಬ್ರಿಟಿಷ್ ಲೇಖಕ ಚಾರ್ಲ್ಸ್ ಸ್ಟ್ರಾಸ್ ಇನ್ನೂ ಗಟ್ಟಿ ಪ್ರಶ್ನೆ ಎತ್ತಿದ: ಆ ಕಾಲದ ಟೋಪಿ, ಕನ್ನಡಕ ಎಲ್ಲ ಬೇಕು, ಆ ಕಾಲದ ಹಸಿವು, ಗಿರಣಿಗಳಲ್ಲಿ ದುಡಿದ ಮಕ್ಕಳು, ಸಾಮ್ರಾಜ್ಯದ ದಬ್ಬಾಳಿಕೆ ಎಲ್ಲಿ ಹೋದವು?

ಮೊದಲನೇ ಟೀಕೆ ಪೂರ್ತಿ ನ್ಯಾಯ ಅಂತ ನನಗನ್ನಿಸಲ್ಲ. ವಿಕ್ಟೋರಿಯಾ ಕಾಲದ ಎಂಜಿನಿಯರುಗಳೂ ಅಲಂಕಾರಪ್ರಿಯರೇ. ಲಂಡನ್ನಿನ ಚರಂಡಿ ನೀರೆತ್ತಲು 1865ರಲ್ಲಿ ಶುರುವಾದ ಕ್ರಾಸ್‌ನೆಸ್ ಪಂಪಿಂಗ್ ಸ್ಟೇಷನ್ನಿನ ಕಬ್ಬಿಣದ ಕಂಬ, ಕಮಾನು ನೋಡಿದರೆ ನಮ್ಮ ದೇವಸ್ಥಾನದ ನವರಂಗ ನೆನಪಾಗುತ್ತೆ. ವ್ಯತ್ಯಾಸ ಏನಂದ್ರೆ, ಆ ಕಂಬಗಳ ನಡುವೆ ಎಂಜಿನ್ ನಿಜಕ್ಕೂ ಓಡ್ತಿತ್ತು.

ಹಾಗಾದರೆ ಕಂಪ್ಯೂಟರಿನ ಚಕ್ರ ಯಾವತ್ತಾದರೂ ಓಡಿತ್ತಾ? ಇಲ್ಲೇ ಕಥೆ ಚೆನ್ನಾಗಿರೋದು.

1821ರಲ್ಲಿ ಬ್ಯಾಬೇಜ್ ಮತ್ತವನ ಗೆಳೆಯ ಜಾನ್ ಹರ್ಷೆಲ್ ಖಗೋಳದ ಲೆಕ್ಕದ ಕೋಷ್ಟಕಗಳನ್ನ ತಾಳೆ ನೋಡ್ತಾ ಕೂತಿದ್ದರಂತೆ. ಆಗ 'ಕಂಪ್ಯೂಟರ್' ಅಂದರೆ ಲೆಕ್ಕ ಮಾಡೋ ಮನುಷ್ಯ. ತಪ್ಪಿನ ಮೇಲೆ ತಪ್ಪು. ಈ ಲೆಕ್ಕಾನೆಲ್ಲ ಹಬೆಯೇ ಮಾಡೋ ಹಾಗಿದ್ದಿದ್ದರೆ ಅಂತ ಬ್ಯಾಬೇಜ್ ಹಲುಬಿದ. 1823ರಲ್ಲಿ ಸರ್ಕಾರ ದುಡ್ಡು ಕೊಡೋಕೆ ಶುರು ಮಾಡ್ತು. ಕೆಲಸಕ್ಕೆ ಸಿಕ್ಕವನು ಜೋಸೆಫ್ ಕ್ಲೆಮೆಂಟ್, ಕೈಮಗ್ಗದ ನೇಕಾರನ ಮಗ, ಇಂಗ್ಲೆಂಡಿನ ಅತ್ಯುತ್ತಮ ಯಂತ್ರಕರ್ಮಿಗಳಲ್ಲಿ ಒಬ್ಬ. ಯಂತ್ರಕ್ಕೆ ಸುಮಾರು 25,000 ಬಿಡಿಭಾಗ ಬೇಕಿತ್ತು. ಒಂದೇ ಥರದ ಚಕ್ರಗಳು ಒಂದಕ್ಕೊಂದು ಕರಾರುವಾಕ್ಕಾಗಿ ಹೊಂದಬೇಕು. ಅಂಥದ್ದನ್ನ ಮಾಡೋ ಹತಾರಗಳನ್ನೇ ಕ್ಲೆಮೆಂಟ್ ಮೊದಲು ಮಾಡಿಕೊಳ್ಳಬೇಕಾಯ್ತು. 1832ರಲ್ಲಿ ಲೆಕ್ಕ ಮಾಡೋ ಭಾಗದ ಏಳನೇ ಒಂದು ಪಾಲಿನಷ್ಟನ್ನ ಜೋಡಿಸಿ ತೋರಿಸಿದ್ದೂ ಆಯ್ತು. ಅದು ಕೆಲಸ ಮಾಡ್ತು.

ಮರುವರ್ಷವೇ ಜಗಳ. ವರ್ಕ್‌ಶಾಪನ್ನ ತನ್ನ ಮನೆ ಪಕ್ಕಕ್ಕೆ ತರಬೇಕು ಅಂತ ಬ್ಯಾಬೇಜ್. ಅದರ ನಷ್ಟ ಯಾರು ತುಂಬಿಕೊಡ್ತಾರೆ ಅಂತ ಕ್ಲೆಮೆಂಟ್. ಹತಾರ ಮಾಡಿದವನಿಗೇ ಸೇರಬೇಕು ಅನ್ನೋದು ಆ ಕಸುಬಿನ ರೂಢಿ, ಹಾಗಾಗಿ ಸರ್ಕಾರದ ಖರ್ಚಿನಲ್ಲಿ ಆದ ಹತಾರಗಳೂ ಅವನಲ್ಲೇ ಉಳಿದವು. ಸುಮಾರು 12,000 ಬಿಡಿಭಾಗ ತಯಾರಾಗಿದ್ದವು. ಹೆಚ್ಚಿನವು ಆಮೇಲೆ ಕರಗಿಸೋಕೆ ಹೋದವು. ಅಷ್ಟರಲ್ಲಿ ಬ್ಯಾಬೇಜನ ತಲೆಯಲ್ಲಿ ಇನ್ನೂ ದೊಡ್ಡ ಯಂತ್ರ, ಅನಲಿಟಿಕಲ್ ಎಂಜಿನ್. ಮೊದಲನೇದು ಮುಗಿಯೋಕೆ ಮುಂಚೆ ಎರಡನೇದರ ಕನಸು. ಕ್ಲೈಂಟ್ ಕಾಲ್‌ನಲ್ಲಿ ಕೂತವರಿಗೆ ಇದನ್ನ ವಿವರಿಸಬೇಕಿಲ್ಲ. 1842ರಲ್ಲಿ ಸರ್ಕಾರ ಕೈತೊಳೆದುಕೊಂಡಾಗ 17,000 ಪೌಂಡಿಗೂ ಹೆಚ್ಚು ಖರ್ಚಾಗಿತ್ತು.

ಬ್ಯಾಬೇಜನ ಇನ್ನೊಂದು ನಕ್ಷೆ, ಡಿಫರೆನ್ಸ್ ಎಂಜಿನ್ ನಂ. 2. ಅದನ್ನ ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ, ಅವನು ಹುಟ್ಟಿ ಇನ್ನೂರು ವರ್ಷಕ್ಕೆ, ಕಟ್ಟಿ ನಿಲ್ಲಿಸಿತು. ಮುದ್ರಣದ ಭಾಗ 2002ರಲ್ಲಿ ಮುಗೀತು. 8,000 ಬಿಡಿಭಾಗ, 11 ಅಡಿ ಉದ್ದ, ಐದು ಟನ್. ಅದನ್ನ ಓಡಿಸೋದು ಹಬೆಯಲ್ಲ. ಪಕ್ಕದಲ್ಲಿ ಒಂದು ಹಿಡಿಕೆ ಇದೆ, ಮನುಷ್ಯ ನಿಂತು ತಿರುಗಿಸಬೇಕು. ಬ್ಯಾಬೇಜ್ ಬದುಕಿದ್ದಾಗ ಅವನ ಒಂದು ಯಂತ್ರವೂ ಹಬೆಯಿಂದ ಲೆಕ್ಕ ಮಾಡಲಿಲ್ಲ.

ಕ್ಲೆಮೆಂಟನ ಬಗ್ಗೆ ಇನ್ನೊಂದು ಮಾತು. ಸ್ಕ್ರೂಗಳ ಎಳೆಗೆ ಒಂದೇ ಅಳತೆ ತರೋಕೆ ಅವನು ತನ್ನ ವರ್ಕ್‌ಶಾಪಿನಲ್ಲಿ ಒದ್ದಾಡಿದ್ದ. ಅಲ್ಲಿ ದುಡಿದ ಹುಡುಗ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರೂ ಒಂದೇ ಅಳತೆ ಬಳಸಬೇಕು ಅಂತ ಮುಂದಿಟ್ಟ ಪ್ರಸ್ತಾಪ ಬ್ರಿಟನ್ನಿನ ರೂಢಿಯಾಯ್ತು. ಸ್ಟೀಮ್‌ಪಂಕ್ ಪೋಸ್ಟರುಗಳಲ್ಲಿ ಬ್ಯಾಬೇಜನನ್ನ ನೋಡಿದ್ದೀನಿ. ಕ್ಲೆಮೆಂಟನನ್ನ ಎಲ್ಲೂ ನೋಡಿಲ್ಲ.

ಸ್ಟ್ರಾಸ್ ಎತ್ತಿದ ಪ್ರಶ್ನೆಗೆ ಲಂಡನ್ನಿಗೇ ಹೋಗಬೇಕಿಲ್ಲ. ಬೆಂಗಳೂರಿಂದ ನೂರು ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯನ್ನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸ್ತಿದ್ದದ್ದು ಅದೇ ವಿಕ್ಟೋರಿಯಾ ಕಾಲದ ಹಬೆ ಯಂತ್ರಗಳಿಂದ. ಕೆಳಗಿಳಿದವರು ಹೆಚ್ಚಿನಂಶ ತಮಿಳು ಜಿಲ್ಲೆಗಳಿಂದ ಬಂದ ದಲಿತ ಕೂಲಿಗಳು. 1902ರಲ್ಲಿ ಶಿವನಸಮುದ್ರದಿಂದ 90 ಮೈಲಿಗೂ ದೂರ ತಂತಿ ಎಳೆದು ಆ ಗಣಿಗೆ ಕರೆಂಟ್ ಕೊಟ್ಟರು. ಶಿವನಸಮುದ್ರ ನಮ್ಮ ಮಳವಳ್ಳಿ ತಾಲೂಕು. ನಮ್ಮೂರ ಆಲೆಮನೆಯ ಗಾಣ ಮಾತ್ರ ನಾನು ಹೈಸ್ಕೂಲಿಗೆ ಹೋಗೋವರೆಗೂ ಡೀಸೆಲ್ ಎಂಜಿನ್ನಿನಲ್ಲೇ ತಿರುಗ್ತಿತ್ತು.

ಆ ಎಂಜಿನ್ನು ಕೆಟ್ಟರೆ ದೊಡ್ಡಪ್ಪನೇ ಬಿಚ್ಚಿ ಕೂರ್ತಿದ್ದರು, ಎಂಟು ಬೆರಳಲ್ಲೇ. ನಾನು ಪಕ್ಕದಲ್ಲಿ ಸೀಮೆಎಣ್ಣೆ ಬಟ್ಟಲು ಹಿಡಿದು ಕೂರ್ತಿದ್ದೆ. ನಾನು ಬಿಇ ಸೇರಿದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಆ ಯಂತ್ರದ ಬಗ್ಗೆ ಅವರು ಒಂದು ದಿನವೂ ಕೆಟ್ಟದ್ದು ಆಡಿದ್ದು ಕೇಳಿಲ್ಲ. ಚೆಂದ ಅಂದದ್ದೂ ಕೇಳಿಲ್ಲ.

ಕೀಬೋರ್ಡಿಗೆ ಅಂಟಿಸಿದ್ದ ಮೂರೂ ಚಕ್ರ ಈಗ ಡ್ರಾಯರಿನಲ್ಲಿವೆ. ಅಂಟಿನ ಕಲೆ ಹಾಗೇ ಉಳಿದಿದೆ. ಹಿತ್ತಾಳೆ ಚೌಕಟ್ಟು ಬಿಟ್ಟುಕೊಂಡಿದ್ದೀನಿ, ಮನಸ್ಸು ಬರಲಿಲ್ಲ. ಹೋದ ತಿಂಗಳು ಸ್ಟ್ಯಾಂಡಪ್ ಕಾಲ್ ನಡುವೆ ಅದರ ಮೇಲೆ ಟೀ ಚೆಲ್ಲಿತು. ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಒರೆಸಿ, ರಾತ್ರಿಯೆಲ್ಲ ಫ್ಯಾನಿನಡಿ ಇಟ್ಟೆ. ಬೆಳಗ್ಗೆ ಸ್ಪೇಸ್ ಬಾರ್ ಬಿಟ್ಟು ಎಲ್ಲಾ ಕೀ ಕೆಲಸ ಮಾಡಿದವು. ಸ್ಪೇಸ್ ಬಾರನ್ನ ಇನ್ನೊಂದು ಸಲ ಬಿಚ್ಚಬೇಕು.